ಉಗುರಿನ ಕಪ್ಪು

ಫೆಬ್ರವರಿ 9

ಅಕ್ಕನಿಗೆ,

ಫೋನು ಮಾಡಿದರೆ ನಾನು "ಹೂಂ", "ಊಟ ಆಯ್ತು", "ಇಡ್ಲಾ" ಈ ಮೂರೇ ಮಾತು ಆಡುತ್ತೇನೆಂದು ಬೈದೆಯಲ್ಲ, ಅದಕ್ಕೇ ಈ ಕಾಗದ. ಇನ್ನು ಮೇಲೆ ಕಾಗದದಲ್ಲೇ ವಟಗುಟ್ಟುತ್ತೇನೆ. ಓದಿ ಸುಸ್ತಾದರೆ ನನ್ನನ್ನು ಬೈಯಬೇಡ.

ಭಾವ ಕೇಳಿದ್ದರಲ್ಲ, "ಗುಂಡಿ ಒತ್ತೋಕೆ ಎರಡು ವರ್ಷ ಕಲೀಬೇಕೇನೋ?" ಅಂತ. ಅವರಿಗೆ ಹೇಳು, ಸ್ಟುಡಿಯೋ ಸೇರಿ ಐದು ತಿಂಗಳಾಯಿತು, ಇದುವರೆಗೆ ಗುಂಡಿ ಒತ್ತಿದ್ದು ಹನ್ನೊಂದು ಸಲ. ಉಳಿದ ಹೊತ್ತೆಲ್ಲ ಬಾಟಲಿ ಒರೆಸಿದ್ದೇನೆ. ಹತ್ತಿಯ ಕೈಗವಸು ಹಾಕಿಕೊಂಡು, ಒಂದು ಬೆರಳ ಗುರುತೂ ಉಳಿಯದ ಹಾಗೆ. ತಂಪು ಪಾನೀಯದ ಬಾಟಲಿ ಮೇಲೆ ಹನಿಗಳು ಹೊಳೆಯುತ್ತವಲ್ಲ, ಅದು ತಂಪಿನಿಂದ ಬಂದದ್ದಲ್ಲ, ನಾನು ಗ್ಲಿಸರಿನ್ನು ನೀರು ಬೆರೆಸಿ ಸಿಂಪಡಿಸಿದ್ದು. ಒಳಗಿನ ಐಸು ಪ್ಲಾಸ್ಟಿಕ್ಕು. ಬಾಟಲಿಗೆ ಅಂಚು ಕಾಣಬೇಕಾದರೆ ಎರಡೂ ಪಕ್ಕ ಕಪ್ಪು ರಟ್ಟು ನಿಲ್ಲಿಸಬೇಕು, ಇಲ್ಲದಿದ್ದರೆ ಬಿಳಿಯ ಹಿನ್ನೆಲೆಯಲ್ಲಿ ಬಾಟಲಿ ಕರಗಿಯೇ ಹೋಗುತ್ತದೆ. ಒಂದಿಷ್ಟು ಕಪ್ಪಿಲ್ಲದೆ ಯಾವುದಕ್ಕೂ ಆಕಾರವಿಲ್ಲ ಎನ್ನುತ್ತಾರೆ ಯಜಮಾನರು. ಹಾಗೆಂದು ಹೇಳಿ ನನ್ನ ಮುಖ ನೋಡುತ್ತಾರೆ.

ಯಜಮಾನರ ಕೋಣೆಯಲ್ಲಿ ಕ್ಯಾಮೆರಾದ ಬೀರುವಿಗಿಂತ ದೊಡ್ಡ ಬೀರು ಒಂದಿದೆ. ಅದರ ತುಂಬ ಒಪ್ಪಿಗೆ ಪತ್ರಗಳು. ಫೋಟೋದಲ್ಲಿ ಯಾರ ಮುಖ ಬರಲಿ, ಕೈ ಬರಲಿ, ಕಾಲು ಬರಲಿ, ಅವರ ಸಹಿ ಬೇಕು. ಮೊದಲ ದಿನವೇ ಹೇಳಿದರು: "ಫೋಟೋ ಕೆಟ್ರೆ ಇನ್ನೊಂದು ತೆಗೀಬಹುದು ಕಣಯ್ಯ. ಒಪ್ಪಿಗೆ ಇಲ್ದೆ ಬಳಸಿದ್ದು ಮಾತ್ರ ಕದ್ದ ಮಾಲು."

ನಮ್ಮ ಕಸುಬಿನಲ್ಲಿ ಸ್ವಂತಕ್ಕೆ ಕೆಲಸ ಸಿಗಬೇಕಾದರೆ ನಮ್ಮವೇ ಇಪ್ಪತ್ತು ಒಳ್ಳೆಯ ಚಿತ್ರಗಳ ಒಂದು ಆಲ್ಬಮ್ ಇರಬೇಕು. ನನ್ನದನ್ನು ತೋರಿಸಿದೆ. ಯಜಮಾನರು ಇಸ್ಪೀಟೆಲೆ ಹಾಕುವವರ ಹಾಗೆ ಪಟಪಟನೆ ಮಗುಚಿದರು. "ಬಾಟ್ಲಿ ಎಲ್ರೂ ತೆಗೀತಾರೆ. ಶೂ ಎಲ್ರೂ ತೆಗೀತಾರೆ." ಆಮೇಲೆ ಒಂದು ಕಡೆ ನಿಂತರು. ಹಣೆಯ ಮೇಲಿದ್ದ ಕನ್ನಡಕ ಮೂಗಿಗಿಳಿಯಿತು. "ಇದು ಯಾರ ಕೈ?"

ನಿನ್ನ ಕೈ ಅಕ್ಕ. ಹೋದ ಸಲ ಬಂದಾಗ ಅಡುಗೆಮನೆ ಕಿಟಕಿಯ ಹತ್ತಿರ ನಿನ್ನನ್ನು ಕೂರಿಸಿ, ಪಕ್ಕದ ಬೆಳಕು ಅಭ್ಯಾಸ ಮಾಡುತ್ತೇನೆಂದು ನಲವತ್ತು ಸಲ ತೆಗೆದೆನಲ್ಲ, ಅದರಲ್ಲಿ ಒಂದು. ಬಿರುಕು, ಗಂಟು, ಹೆಬ್ಬೆರಳ ಬುಡದ ಆ ಸುಟ್ಟ ಕಲೆ, ಎಲ್ಲ ಇದೆ. "ಇಪ್ಪತ್ತರಲ್ಲಿ ಇದೊಂದೇ ನಿನ್ನದು" ಎಂದರು ಯಜಮಾನರು. ನನಗೆ ಖುಷಿಯೂ ಆಯಿತು, ಏನೋ ಒಂಥರ ಚುಚ್ಚಿತೂ. ಆ ಕಲೆ ನನ್ನಿಂದಲೇ ಆದದ್ದಲ್ಲವೆ?

ಹಳೆಯ ಆಟ ಮತ್ತೆ ಶುರು ಮಾಡೋಣ. ನನ್ನದು ಒಂದು ಸಾಲು, ಜೋಡಿ ಸಾಲು ನಿನ್ನದು:

ಅಕ್ಕನ ಕೈಯಲ್ಲಿ ಅರ್ಧ ಚಂದ್ರ,

ನಿನ್ನ ತಮ್ಮ

*

ಫೆಬ್ರವರಿ 25

ಬಾಟಲಿ ಒರೆಸುವ ತಮ್ಮನಿಗೆ ಅಕ್ಕನ ಆಶೀರ್ವಾದ.

ತಮ್ಮನ ತಲೆಯಲ್ಲಿ ಪೂರ್ತಿ ರಂಧ್ರ!

ಆಯಿತೆ? ನಾಲ್ಕು ಸಾವಿರ ಪಾತ್ರೆ ತೊಳೆದರೂ ಪ್ರಾಸ ಮರೆತಿಲ್ಲ.

ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. "ಪ್ಲಾಸ್ಟಿಕ್ ಐಸು ಅಂತ ನಂಗೆ ಮೊದಲೇ ಗೊತ್ತಿತ್ತು" ಎಂದರು. ಅವರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ. ಬಸ್ಸು ಓಡಿಸುವವರು ಹಾಗೇ ಇರಬೇಕೇನೋ, ತಿರುವು ಬರುವ ಮೊದಲೇ ತಿಳಿದಿರಬೇಕು.

ಇಲ್ಲಿ ಶಾಲೆಯ ಕ್ಯಾಂಟೀನಿನಲ್ಲಿ ನನಗೂ ಸ್ವಲ್ಪ ಬಡ್ತಿಯ ಗಾಳಿ ಬೀಸಿದೆ. ಬಡಿಸುವ ಕಿಟಕಿಯಲ್ಲಿ ನಿಲ್ಲುವ ಹಿರಿಯಾಕೆ ರಜೆಯ ಹೊತ್ತಿಗೆ ನಿವೃತ್ತಿ. ಆಮೇಲೆ ಅಲ್ಲಿ ನಾನು ಎಂದು ಮ್ಯಾನೇಜರಮ್ಮ ಹೇಳಿದ್ದಾರೆ. ಈಗಲೂ ಆಕೆ ರಜ ಹಾಕಿದ ದಿನ ನಾನೇ ನಿಲ್ಲುವುದು. ಮಕ್ಕಳು ನನ್ನನ್ನು ಏನೆಂದು ಕರೆಯುತ್ತವೆ ಗೊತ್ತೆ? ಚಂದ್ರ ಆಂಟಿ. ತಟ್ಟೆ ಚಾಚಿ, "ಆಂಟಿ, ಮೂನ್ ತೋರ್ಸಿ" ಎನ್ನುತ್ತವೆ. ನಾನು ಹೆಬ್ಬೆರಳು ತಿರುಗಿಸಿ ಕಲೆ ತೋರಿಸಬೇಕು, ಆಮೇಲೆಯೇ ಬನ್ನು ಮುಟ್ಟುವುದು. ನೀನು ಇಸ್ತ್ರಿಪೆಟ್ಟಿಗೆಯ ವೈರು ಎಳೆದದ್ದಕ್ಕೆ ಮೂವತ್ತು ವರ್ಷದ ಮೇಲೆ ನನಗೊಂದು ಬಿರುದು ಬಂತು. ಅದು ನಿನ್ನ ಕಾಲ ಮೇಲೆ ಬೀಳುವುದು ಬೇಡವೆಂದು ನಾನು ಕೈ ಒಡ್ಡಿದೆ, ಅಷ್ಟೇ. ಅದನ್ನೇ ಇನ್ನೂ ಚುಚ್ಚಿಸಿಕೊಂಡು ಕೂತಿದ್ದೀಯಲ್ಲ, ಬೇರೆ ಕೆಲಸವಿಲ್ಲವೆ?

ಒಂದು ಮಾತು. ಕೈಯನ್ನು ನಿನ್ನ ಯಜಮಾನರಿಗೆ ತೋರಿಸಿದ್ದು ಸರಿ. ಗುರು ಅಂದ ಮೇಲೆ ತೋರಿಸಬೇಕು. ಆದರೆ ಬೇರೆಯವರಿಗೆಲ್ಲ ತೋರಿಸಬೇಡ ಮಾರಾಯ, ನಾಚಿಕೆಯಾಗುತ್ತದೆ. ನಲವತ್ತು ಸಲ ಟಿಕ್ ಟಿಕ್ ಅನ್ನಿಸಿದೆ, ಒಂದು ಸಲವಾದರೂ ಮುಖದ ಕಡೆ ತಿರುಗಿಸಿದೆಯಾ? ಅಂದು ನಾನು ತಲೆ ಬಾಚಿಕೊಂಡು ಕೂತಿದ್ದೆ.

ಸಹಿ ಅಂದೆಯಲ್ಲ, ನೆನಪಾಗಿ ನಗು ಬಂತು. ನಿನ್ನ ಅಂಕಪಟ್ಟಿಗೆ ಅಮ್ಮನ ಬದಲು ನಾನು ಸಹಿ ಹಾಕುತ್ತಿದ್ದೆ. ಅಂಕ ತೀರಾ ಕಡಮೆ ಬಂದಾಗ ನನ್ನ ಬದಲು ನೀನೇ ಹಾಕಿಕೊಳ್ಳುತ್ತಿದ್ದೆ. ನನ್ನ ಸಹಿ ನನಗಿಂತ ನಿನಗೇ ಚೆನ್ನಾಗಿ ಬರುತ್ತಿತ್ತು.

ಈಗ ನನ್ನ ಸಾಲು: ಬೆಳಕು ಹಿಡಿಯುವವ ಬೇಗ ಏಳಬೇಕು,

ಅಕ್ಕ

*

ಏಪ್ರಿಲ್ 18

ಅಕ್ಕನಿಗೆ,

ಅಕ್ಕ ಬಂದು ಹೊದಿಕೆ ಕೀಳಬೇಕು.

ತಡವಾಯಿತು. ಬರೆಯಲು ಕೂತವನು ನಾಲ್ಕು ಸಲ ಎದ್ದು ಹೋದೆ. ಕೆಲಸ ಜಾಸ್ತಿ.

ಸುದ್ದಿ ಒಳ್ಳೆಯದೇ. ನನ್ನ ಹೆಸರಿನಲ್ಲಿ ಮೊದಲ ಕೆಲಸ ಬಂತು. ಒಂದು ಜಾಹೀರಾತು ಸಂಸ್ಥೆಗೆ, ಕೈಗೆ ಹಚ್ಚುವ ಕ್ರೀಮು. ಯಜಮಾನರು ದೂರ ನಿಂತು ನೋಡಿದರು, ಬಾಯಿ ಹಾಕಲಿಲ್ಲ. ಒಂದು ಡಬ್ಬಿಯ ಮುಚ್ಚಳದ ಹೊಳಪಿಗೆ ಅರ್ಧ ದಿನ ಹಿಡಿಯಿತು. ಕೈ ತೋರಿಸುವುದನ್ನೇ ಕಸುಬು ಮಾಡಿಕೊಂಡ ಹೆಂಗಸೊಬ್ಬರು ಬಂದಿದ್ದರು. ಅವರು ಬಾಗಿಲ ಚಿಲಕವನ್ನೂ ತಾವಾಗಿ ತೆಗೆಯುವುದಿಲ್ಲ, ಗೀರು ಬಿದ್ದೀತೆಂದು. ಊಟಕ್ಕೆ ಚಮಚ ಕೂಡ ಯಾರೋ ಎತ್ತಿಕೊಟ್ಟರು. ನೀನಿದ್ದಿದ್ದರೆ ನಕ್ಕು ನಕ್ಕು ಸುಸ್ತಾಗುತ್ತಿದ್ದೆ.

ಕೆಲಸ ಎಲ್ಲರಿಗೂ ಹಿಡಿಸಿತು. ಇನ್ನೂ ಎರಡು ಕೆಲಸ ಅವರಿಂದಲೇ ಬರುವ ಹಾಗಿದೆ. ಇನ್ನೇನು ಬರೆಯಲಿ?

ಇದರ ಜೊತೆ ಆರು ಡಬ್ಬಿ ಕ್ರೀಮು ಕಳಿಸಿದ್ದೇನೆ. ದಿನಕ್ಕೆ ಎರಡು ಸಲ ಹಚ್ಚಿಕೋ. ಸುಮ್ಮನೆ ಇಡಬೇಡ, ಹಚ್ಚಿಕೋ. ಮುಗಿದರೆ ಹೇಳು, ಇನ್ನೂ ಕಳಿಸುತ್ತೇನೆ.

ನನ್ನ ಸಾಲು: ಡಬ್ಬಿಯ ಮುಚ್ಚಳ ತೆಗೆದು ನೋಡು,

ತಮ್ಮ

*

ಮೇ 6

ತಮ್ಮನಿಗೆ,

ಮುಚ್ಚಿಟ್ಟ ಮಾತಿದ್ದರೆ ಈಗಲೇ ಆಡು!

ತಮಾಷೆಗೆ ಬರೆದೆ, ಗಾಬರಿಯಾಗಬೇಡ. ಆದರೂ ಆರು ಡಬ್ಬಿ ಅಂದರೆ ಏನೋ? ನನಗಿರುವುದು ಎರಡೇ ಕೈ. ಭಾವ ಒಂದನ್ನು ಬಸ್ಸಿನಲ್ಲಿಟ್ಟುಕೊಂಡು ಸ್ಟೇರಿಂಗ್ ಹಿಡಿಯುವ ಮುಂಚೆ ಹಚ್ಚಿಕೊಳ್ಳುತ್ತಿದ್ದಾರೆ. ಬಸ್ಸು ಈಗ ಗುಲಾಬಿ ತೋಟದ ಹಾಗೆ ನಾರುತ್ತಿದೆಯೆಂದು ಕಂಡಕ್ಟರು ದೂರು ಹೇಳಿದನಂತೆ.

ನಿನ್ನ ಹೆಸರಿನಲ್ಲಿ ಕೆಲಸ ಬಂತೆಂದು ಓದಿ ಕಣ್ಣು ತುಂಬಿತು. ಮ್ಯಾನೇಜರಮ್ಮನಿಗೂ ಹೇಳಿದೆ, ತೊಳೆಯುವ ಕೋಣೆಯ ಹುಡುಗಿಯರಿಗೂ ಹೇಳಿದೆ. ಜಾಹೀರಾತು ಹೊರಬಂದರೆ ನಮ್ಮ ಕಡೆಯೂ ಹಾಕುತ್ತಾರಾ? ಹಾಕಿದರೆ ಎಲ್ಲರನ್ನೂ ಕರೆದುಕೊಂಡು ಹೋಗಿ, "ಇದು ನನ್ನ ತಮ್ಮ ತೆಗೆದದ್ದು" ಎಂದು ತೋರಿಸುತ್ತೇನೆ.

ನಿನ್ನ ಕಾಗದ ಮಾತ್ರ ಯಾಕೋ ಚಿಕ್ಕದು. ಮೈ ಹುಷಾರಾಗಿದೆ ತಾನೆ?

ನನ್ನ ಸಾಲು: ರಜೆ ಮುಗಿದರೆ ಕಿಟಕಿ ನನ್ನದು,

ಅಕ್ಕ

*

ಜೂನ್ 20

ತಮ್ಮನಿಗೆ,

ಕ್ಯಾಂಟೀನ್ ತೆರೆದು ಎಂಟು ದಿನವಾಯಿತು. ಮೂರು ದಿನ ನೆಮ್ಮದಿಯಾಗಿ ಕಿಟಕಿಯಲ್ಲಿ ನಿಂತೆ.

ನಾಲ್ಕನೆಯ ದಿನ ಒಂದು ಹುಡುಗಿ ತಟ್ಟೆ ಚಾಚಲಿಲ್ಲ. ಹಿಂದೆ ನಿಂತವನು ಹೇಳಿದ, "ಆಂಟಿ, ನಿಮ್ಮ ಕೈ ಬಸ್ಸಲ್ಲಿದೆ. ಗಲೀಜಾಗಿದೆ." ನನಗೆ ಅರ್ಥವಾಗಲಿಲ್ಲ. ಸಂಜೆ ನಿಲ್ದಾಣಕ್ಕೆ ಹೋಗಿ ನೋಡಿದೆ. ಎರಡು ಕೈ. ಒಂದರ ಕೆಳಗೆ 'ಮೊದಲು', ಇನ್ನೊಂದರ ಕೆಳಗೆ 'ನಂತರ'. ಮೊದಲಿನದು ನನ್ನದು.

ಅದೇ ಚಿತ್ರ ಭಾವನ ಬಸ್ಸಿನ ಹಿಂಭಾಗದಲ್ಲೂ ಇದೆ. ಅವರು ನನಗಿಂತ ನಾಲ್ಕು ದಿನ ಮೊದಲೇ ನೋಡಿದ್ದಾರೆ. ನನಗೆ ಹೇಳದೆ, ಬೇರೆ ಬಸ್ಸು ಕೊಡಿ ಎಂದು ಡಿಪೋದಲ್ಲಿ ಕೇಳಿದ್ದಾರೆ. ಕೊಡಲಿಲ್ಲ. ದಿನಾ ನನ್ನ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಊರು ಸುತ್ತುತ್ತಿದ್ದಾರೆ.

ಬಿರುಕು ನನ್ನದು. ಗಂಟು ನನ್ನದು. ಅದಕ್ಕೆ ನಾನು ನಾಚಬಾರದು, ದುಡಿದ ಕೈ. ಆದರೆ ಉಗುರಿನಲ್ಲಿ ಕಪ್ಪು ಎಲ್ಲಿಂದ ಬಂತು? ನಾನು ದಿನಾ ಸಂಜೆ ಹಳೆಯ ಬ್ರಷ್ಷಿನಿಂದ ಉಗುರು ಉಜ್ಜಿಯೇ ಮನೆಗೆ ಬರುವುದು. ನೀನು ಫೋಟೋ ತೆಗೆದ ದಿನವೂ ಉಜ್ಜಿದ್ದೆ. ನೀನು ನೋಡಿದ್ದೆ.

ಇಬ್ಬರು ತಾಯಂದಿರು ಬಂದು ಮ್ಯಾನೇಜರಮ್ಮನ ಹತ್ತಿರ ಕೂಗಾಡಿದರು. ಆಕೆ ಒಳ್ಳೆಯವರೇ. "ನನಗೆ ಗೊತ್ತಮ್ಮ, ನೀನು ಎಷ್ಟು ಶುದ್ಧ ಅಂತ. ಆದ್ರೆ ನಾನು ಎಷ್ಟು ಜನಕ್ಕೆ ಹೇಳ್ಲಿ? ಆ ಕಂಪನಿಯವ್ರೇ ಬರೆದುಕೊಡ್ಲಿ, ಆಗ ಕಿಟಕಿಗೆ ಬಾ" ಎಂದರು. ಡಬ್ಬಿಯ ಮೇಲಿನ ವಿಳಾಸಕ್ಕೆ ಅವರೇ ಕಾಗದ ಹಾಕಿದ್ದಾರೆ. ಸಹಿ ಮಾಡಿಕೊಟ್ಟಿದ್ದೀಯಾ ಎಂದು ಕೇಳಿದರು. ಇಲ್ಲವೆಂದೆ.

ಈಗ ತೊಳೆಯುವ ಕೋಣೆಯಲ್ಲಿದ್ದೇನೆ.

ಅಕ್ಕ

*

ಜುಲೈ 2

ಅಕ್ಕ,

ಇದು ಐದನೆಯ ಹಾಳೆ. ಮೊದಲ ನಾಲ್ಕರಲ್ಲಿ ನಾನು ಒಳ್ಳೆಯವನಾಗಿ ಕಾಣುತ್ತಿದ್ದೆ, ಹರಿದು ಹಾಕಿದೆ.

ಮಾರ್ಚ್ ಹನ್ನೊಂದು. ಕೈಯ ಹೆಂಗಸಿನಿಂದ 'ನಂತರ' ಆಯಿತು. 'ಮೊದಲು' ಆಗಲಿಲ್ಲ. ಮೇಕಪ್ಪಿನವರು ಬಿರುಕು ಬರೆದರು, ಅದು ಬರೆದ ಹಾಗೆಯೇ ಕಂಡಿತು. ಸಂಸ್ಥೆಯವರು ಬೇಸತ್ತು ನನ್ನ ಆಲ್ಬಮ್ ಮಗುಚುತ್ತ ಕೂತಿದ್ದರು. "ಏನ್ರೀ, ಇಲ್ಲೇ ಇದೆಯಲ್ಲ! ಇದೇ ಕೈ. ಸಹಿ ಇದೆ ತಾನೆ?" ಎಂದರು. ನಾನು "ಇದೆ" ಎಂದೆ. ಹೇಳಿ ಮುಗಿದ ಮೇಲೆ ಹೇಳಿದೆನೆಂದು ಗೊತ್ತಾಯಿತು.

ಫೋನು ಮಾಡಬಹುದಿತ್ತು. ನೀನು ಬೇಡ ಎನ್ನುತ್ತೀಯೆಂಬ ಭಯದಿಂದ ಮಾಡಲಿಲ್ಲವೆಂದು ಮೊದಲ ನಾಲ್ಕು ಹಾಳೆಯಲ್ಲಿ ಬರೆದಿದ್ದೆ. ಅದು ಸುಳ್ಳು. ನನಗಾಗಿ ನೀನು ಹೂಂ ಎನ್ನುತ್ತಿದ್ದೆ. ಆಮೇಲೆ, "ಎರಡರಲ್ಲಿ ನನ್ನದು ಯಾವ ಕೈಯೋ?" ಎಂದು ನಗುತ್ತ ಕೇಳುತ್ತಿದ್ದೆ. 'ಮೊದಲಿನದು' ಎಂದು ನಿನಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟಕ್ಕೆ ನಿನ್ನ ಸಹಿ ನಾನೇ ಹಾಕಿದೆ. ಕೊನೆಯ ಅಕ್ಷರದ ಬಾಲವನ್ನು ನೀನು ಎಳೆಯುವ ಹಾಗೆಯೇ ಎಳೆದೆ. ಕೈ ಮರೆತಿರಲಿಲ್ಲ.

ಉಗುರು. "ಇನ್ನೂ ಸ್ವಲ್ಪ ಕೆಟ್ಟದಾಗ್ಬೇಕು" ಎಂದರು. ಕಂಪ್ಯೂಟರಿನಲ್ಲಿ ಐದು ಉಗುರಿಗೆ ಕಪ್ಪು ತುಂಬಿದೆ. ಒಂದೊಂದಕ್ಕೆ ಅರ್ಧ ನಿಮಿಷ.

ಕೊನೆಗೆ ಕಲೆಗೆ ಬಂದೆ. ಅದನ್ನು ಅಳಿಸಲು ಎರಡು ನಿಮಿಷ ಸಾಕು, ಅಳಿಸಿದ್ದರೆ ಅದು ಯಾರ ಕೈಯೆಂದು ಒಂದು ಮಗುವಿಗೂ ತಿಳಿಯುತ್ತಿರಲಿಲ್ಲ. ಅಳಿಸುವ ಬ್ರಷ್ಷು ಹಿಡಿದು ಕೂತೆ. ಆಗಲಿಲ್ಲ. ಆ ಕಲೆ ನಾನು ಮಾಡಿದ್ದು. ಅದನ್ನು ಒರೆಸಿಬಿಟ್ಟರೆ ನೀನು ನನಗಾಗಿ ಕೈ ಒಡ್ಡಿದ್ದೇ ಸುಳ್ಳಾದೀತೆಂದು ಅನಿಸಿತು. ಇಷ್ಟು ದೊಡ್ಡ ಮನಸ್ಸು ಮಾಡಿ ಕಲೆ ಉಳಿಸಿದೆ. ಉಗುರಿಗೆ ಕಪ್ಪು ತುಂಬುವಾಗ ಆ ದೊಡ್ಡ ಮನಸ್ಸು ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

'ಕಿಟಕಿ ನನ್ನದು' ಎಂಬ ನಿನ್ನ ಸಾಲು ಇನ್ನೂ ಇಲ್ಲೇ ಇದೆ. ಜೋಡಿ ಹುಡುಕಿದೆ. 'ತಪ್ಪು ನನ್ನದು' ಎಂದು ತಾನಾಗಿಯೇ ಬಂದು ಕೂತಿತು. ಪ್ರಾಸ ಅಷ್ಟು ಸಲೀಸಾಗಿ ಸಿಕ್ಕರೆ ಅನುಮಾನಪಡು ಎಂದು ನೀನೇ ಕಲಿಸಿದ್ದು. ಅದಕ್ಕೆ ಅದನ್ನು ಬರೆಯುತ್ತಿಲ್ಲ.

ತಮ್ಮ

*

ಜುಲೈ 24

ಅಕ್ಕ,

ನೀನು ಉತ್ತರ ಬರೆದಿಲ್ಲ. ಬರೆಯಬೇಕೆಂದೂ ಇಲ್ಲ. ಆದರೆ ಇದನ್ನು ಬರೆಯದೆ ನನಗೆ ದಾರಿಯಿಲ್ಲ.

ಮ್ಯಾನೇಜರಮ್ಮನ ಕಾಗದ ಕಂಪನಿಗೆ ಹೋಗಿ, ಅಲ್ಲಿಂದ ಸಂಸ್ಥೆಗೆ ಬಂದಿದೆ. ಸಂಸ್ಥೆಯವರು ನನ್ನನ್ನು ಕರೆಸಿದರು. "ಆಕೆ ಸಹಿನೇ ಮಾಡಿಲ್ಲ ಅಂತಾಳಂತೆ. ನಿಮ್ಮಕ್ಕ ತಾನೆ? ಮನೆ ವಿಷಯ ಮನೇಲೇ ಮುಗಿಸ್ಕೊಳ್ಳಿ. ಹೊಸ ಪತ್ರಕ್ಕೆ ಸಹಿ ಹಾಕಿಸ್ಕೊಂಡು ಬನ್ನಿ, ತಾರೀಖು ಮಾತ್ರ ಹಳೇದು. ಎಲ್ಲ ಸರಿಹೋಗುತ್ತೆ" ಎಂದರು. ಇಲ್ಲದಿದ್ದರೆ ನನಗೂ ನಮ್ಮ ಸ್ಟುಡಿಯೋಗೂ ಅವರ ಬಾಗಿಲು ಮುಚ್ಚಿದ ಹಾಗೆ. ಒಂದು ಸಂಸ್ಥೆಯ ಬಾಗಿಲು ಮುಚ್ಚಿದರೆ ಉಳಿದ ಬಾಗಿಲುಗಳಿಗೆ ಸದ್ದು ಕೇಳಿಸುತ್ತದೆ. ಯಜಮಾನರಿಗೆ ಇನ್ನೂ ಹೇಳಿಲ್ಲ.

ಪತ್ರ ಇದರ ಜೊತೆಗಿದೆ. ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದೇನೆ. ತಾರೀಖನ್ನೂ ಪೆನ್ಸಿಲಿನಲ್ಲಿ ತೆಳ್ಳಗೆ ಬರೆದಿದ್ದೇನೆ, ಮಾರ್ಚ್ 11.

ಕೇಳಬಾರದ್ದನ್ನು ಕೇಳುತ್ತಿದ್ದೇನೆಂದು ಗೊತ್ತು. ಗೊತ್ತಿದ್ದೂ ಲಕೋಟೆಗೆ ಗೋಂದು ಹಚ್ಚುತ್ತಿದ್ದೇನೆ.

ತಮ್ಮ

*

ಆಗಸ್ಟ್ 8

ತಮ್ಮನಿಗೆ,

ಪತ್ರ ಬಂತು. ಎರಡು ಸಲ ಪೂರ್ತಿ ಓದಿದೆ. ಸಹಿ ಹಾಕುವ ಮುಂಚೆ ಓದಬೇಕೆಂದು ನಿನ್ನ ಅಂಕಪಟ್ಟಿಯ ಕಾಲದಿಂದ ಅಭ್ಯಾಸ.

ಸಹಿ ಹಾಕಿದ್ದೇನೆ. ಇದು ನನ್ನದೇ, ಹೋಲಿಸಿ ನೋಡು, ನೀನು ಹಾಕಿದಷ್ಟು ಅಂದವಾಗಿಲ್ಲ. ಬ್ಲೀಚಿಂಗ್ ನೀರಿಗೆ ಬೆರಳು ಮಡಚುವುದಿಲ್ಲ.

ಮೂರನೆಯ ಸಾಲಿನಲ್ಲಿ, 'ಚಿತ್ರದಲ್ಲಿ ಯಾವುದೇ ಬದಲಾವಣೆ ಮಾಡಲು ನನ್ನ ಅಡ್ಡಿ ಇರುವುದಿಲ್ಲ' ಎಂದಿತ್ತು. 'ಇರುವುದಿಲ್ಲ' ಹೊಡೆದು 'ಇದೆ' ಎಂದು ಬರೆದಿದ್ದೇನೆ.

ನಿನ್ನ ಪೆನ್ಸಿಲಿನ ತಾರೀಖನ್ನು ರಬ್ಬರಿನಿಂದ ಅಳಿಸಿ, ಇವತ್ತಿನದು ಹಾಕಿದ್ದೇನೆ. ನಾನು ಒಪ್ಪಿದ್ದು ಇವತ್ತು. ಮಾರ್ಚ್ ಹನ್ನೊಂದರಂದು ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಇದನ್ನು ಕೊಡುತ್ತೀಯೋ ಹರಿದು ಹಾಕುತ್ತೀಯೋ ನಿನಗೆ ಬಿಟ್ಟದ್ದು. ಹರಿದರೆ ನನಗೆ ಹೇಳಬೇಕಾಗಿಲ್ಲ.

ಭಾವ ಕ್ರೀಮಿನ ಡಬ್ಬಿಯನ್ನು ಬಸ್ಸಿನಿಂದ ವಾಪಸು ತಂದಿಟ್ಟಿದ್ದಾರೆ.

ಅಕ್ಕ

*

ಸೆಪ್ಟೆಂಬರ್ 3

ಅಕ್ಕ,

ಎರಡು ವಾರ ಆ ಪತ್ರ ನನ್ನ ಚೀಲದಲ್ಲೇ ಇತ್ತು. ಸಂಸ್ಥೆಯ ಮೆಟ್ಟಿಲವರೆಗೆ ಹೋಗಿ ಮೂರು ಸಲ ತಿರುಗಿ ಬಂದೆ. ಕೂಡಲೇ ಕೊಟ್ಟೆನೆಂದು ಬರೆಯಲು ಆಸೆಯಿತ್ತು.

ಕೊನೆಗೆ ಯಜಮಾನರ ಮೇಜಿನ ಮೇಲಿಟ್ಟೆ. ಮೊದಲಿನ ಪತ್ರ ಎಡಕ್ಕೆ, ನಿನ್ನದು ಬಲಕ್ಕೆ. ಅವರು ಸಹಿ ನೋಡಿದರು, ತಾರೀಖು ನೋಡಿದರು, ನೀನು ಹೊಡೆದು ಬರೆದ 'ಇದೆ' ನೋಡಿದರು.

"ಬೆಳಕು ಕಲ್ತೆ. ಟೈಮಿಗೆ ಬರೋದು ಕಲ್ತೆ. ಇನ್ನೊಂದು ವರ್ಷ ಇದ್ದಿದ್ರೆ ಒಳ್ಳೆ ಫೋಟೋಗ್ರಾಫರ್ ಆಗ್ತಿದ್ದೆ" ಎಂದರು. ಆಮೇಲೆ, "ಆ ಕೈ ಫೋಟೋನೂ ನಿನ್ನದಲ್ಲ ಕಣಯ್ಯ. ಆ ಯಮ್ಮಂದು. ನಾನೇ ತಪ್ಪು ಹೇಳಿದ್ದೆ" ಎಂದು, ನನ್ನ ಹತ್ತಿರವಿದ್ದ ಒಪ್ಪಿಗೆ ಪತ್ರಗಳ ಬೀರುವಿನ ಬೀಗದ ಕೈ ವಾಪಸು ಕೊಡುವಂತೆ ಅಂಗೈ ಚಾಚಿದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಸಂಸ್ಥೆಗೆ ನನ್ನ ಜೊತೆ ಅವರೂ ಬಂದು ತಲೆ ತಗ್ಗಿಸಿ ನಿಂತರು, ತಮ್ಮದಲ್ಲದ ತಪ್ಪಿಗೆ.

ಪೋಸ್ಟರುಗಳನ್ನು ತೆಗೆಸುತ್ತಿದ್ದಾರೆ. ಅವು ಬಸ್ಸಿನ ಮೈಗೆ ಗಟ್ಟಿಯಾಗಿ ಅಂಟಿರುತ್ತವೆ, ಸ್ವಲ್ಪ ದಿನ ಹಿಡಿಯುತ್ತದೆ.

ಮ್ಯಾನೇಜರಮ್ಮನಿಗೆ ಒಂದು ಲಕೋಟೆ ಇದರೊಳಗಿದೆ. ಎರಡು ಫೋಟೋ ಇಟ್ಟಿದ್ದೇನೆ. ಒಂದು ಕಿಟಕಿಯ ಹತ್ತಿರ ತೆಗೆದ ಹಾಗೆಯೇ ಇರುವುದು, ಇನ್ನೊಂದು ಬಸ್ಸಿನ ಮೇಲಿರುವುದು. ಉಗುರಿನ ಕಪ್ಪು ನಾನು ಹಾಕಿದ್ದೆಂದು ಬರೆದು ನನ್ನ ಸಹಿ ಮಾಡಿದ್ದೇನೆ. ನನ್ನ ಸ್ವಂತ ಸಹಿ ಹಾಕಿ ಎಷ್ಟು ದಿನವಾಗಿತ್ತೋ, ಎರಡು ಸಲ ತಪ್ಪಿತು.

ಈಗ ಪಾಸ್‌ಪೋರ್ಟ್ ಫೋಟೋ ಅಂಗಡಿಯೊಂದರಲ್ಲಿದ್ದೇನೆ. ಬಿಳಿ ಪರದೆ, ಒಂದು ಸ್ಟೂಲು. "ಸ್ವಲ್ಪ ಬೆಳ್ಳಗ್ ಮಾಡ್ರೀ", "ಈ ಮಚ್ಚೆ ತೆಗೀರಿ" ಎಂದು ಕೇಳದ ಗಿರಾಕಿಯಿಲ್ಲ. ಏನನ್ನೂ ಬದಲಾಯಿಸುವ ಹಾಗಿಲ್ಲ, ಸರ್ಕಾರದ ನಿಯಮ. ದಿನಕ್ಕೆ ಮೂವತ್ತು ಸಲ "ಆಗಲ್ಲ" ಎನ್ನುತ್ತೇನೆ. ಈ ಮಾತು ಮಾರ್ಚಿನಲ್ಲಿ ಒಂದೇ ಒಂದು ಸಲ ಬಂದಿದ್ದರೆ ಸಾಕಿತ್ತು.

ತಮ್ಮ

*

ಅಕ್ಟೋಬರ್ 12

ತಮ್ಮನಿಗೆ,

ಲಕೋಟೆ ಕೊಟ್ಟೆ. ಮ್ಯಾನೇಜರಮ್ಮ ಎರಡೂ ಫೋಟೋ ಕ್ಯಾಂಟೀನಿನ ಬಾಗಿಲಿಗೆ ಅಂಟಿಸಿದರು. ಎರಡು ದಿನ ಬಿಟ್ಟು ನಾನೇ ಕಿತ್ತು ತಂದೆ, ಸಾಕು ಅನಿಸಿತು.

ಹೋದ ಸೋಮವಾರದಿಂದ ಕಿಟಕಿಯಲ್ಲಿದ್ದೇನೆ. ಆದರೆ ಈಗ ಹೊಸ ನಿಯಮ, ಬಡಿಸುವವರೆಲ್ಲ ಕೈಗವಸು ಹಾಕಿಕೊಳ್ಳಬೇಕು. ನನ್ನೊಬ್ಬಳಿಗೇ ಅಲ್ಲ, ಎಲ್ಲರಿಗೂ, ಆದರೆ ಯಾರಿಂದ ಬಂತೆಂದು ಎಲ್ಲರಿಗೂ ಗೊತ್ತು. ಒಂದು ಮಗು ಬಂದು, "ಆಂಟಿ, ಮೂನ್?" ಎಂದಿತು. ಗವಸು ತೆಗೆಯುವ ಹಾಗಿಲ್ಲ. "ಇವತ್ತು ಮೋಡ ಕಣೋ" ಎಂದೆ. ಈಗ ಅವು ಕೇಳುವುದನ್ನು ಬಿಟ್ಟಿವೆ.

ಭಾವನ ಬಸ್ಸಿನ ಹಿಂದೆ ಈಗ ಹಾಸಿಗೆಯ ಜಾಹೀರಾತು. ಅದರಲ್ಲಿ ಮಲಗಿದವನು ನಿನ್ನ ಹಾಗೇ ಕಾಣುತ್ತಾನೆ, ಎಂಟು ಗಂಟೆಯಾದರೂ ಎದ್ದಿಲ್ಲ ಎಂದು ಭಾವ ನಗುತ್ತಾರೆ. ಮೊನ್ನೆಯಿಂದ ನಿನ್ನ ಮಾತು ತೆಗೆಯುತ್ತಿದ್ದಾರೆ.

ಮರೆತೆನೆಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಮೊದಲೆಲ್ಲ ಒಂದು ಸಲ ಉಗುರು ಉಜ್ಜುತ್ತಿದ್ದೆ. ಈಗ ಮೂರು ಸಲ ಉಜ್ಜುತ್ತೇನೆ. ಇಲ್ಲದ ಕಪ್ಪು ಎಷ್ಟು ಉಜ್ಜಿದರೆ ಹೋಗುತ್ತದೋ ತಿಳಿಯದು.

ಮುಂದಿನ ಭಾನುವಾರ ಬಾ. ಕ್ಯಾಮೆರಾ ತಾ. ತಲೆ ಬಾಚಿಕೊಂಡು ಕಿಟಕಿಯ ಹತ್ತಿರ ಕೂತಿರುತ್ತೇನೆ, ಈ ಸಲ ಮುಖ ತೆಗಿ. ಒಪ್ಪಿಗೆ ಪತ್ರವನ್ನೂ ತಾ. ಓದಿ ನೋಡುತ್ತೇನೆ, ಸಹಿ ಹಾಕುತ್ತೇನೆಂದು ಈಗಲೇ ಹೇಳಲಾರೆ.

ನನ್ನ ಸಾಲು: ಗವಸಿನ ಒಳಗೆ ಚಂದ್ರ ಇದೆ,

ಜೋಡಿ ಸಾಲನ್ನು ಅಂಚೆಯಲ್ಲಿ ಕಳಿಸಬೇಡ. ಎದುರಿಗೆ ಕೂತು, ನನ್ನ ಮುಖ ನೋಡಿ ಹೇಳು.

ಅಕ್ಕ